ಸಭಾಕಂಪ, ಕಲಿತ ಭಯ ಮತ್ತು ಕ್ಯಾನಬಿಡಿಯಾಲ್

(ತುಮಕೂರಿನಲ್ಲಿ ಕಾಲೇಜು ಅಧ್ಯಾಪಕರು, ಪೋಷಕರು ಮತ್ತು ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳ ಪೈಕಿ ಎರಡನ್ನು ಸೇರಿಸಿಕೊಂಡಿದ್ದೇನೆ.)

ಮಾನ್ಯರೇ,

ಸಂದರ್ಶನದ ಹೆದರಿಕೆಗೂ ಸೆಮಿನಾರಿನ ನಡುಕಕ್ಕೂ ‘ಸಿಬಿಡಿ ಎಣ್ಣೆ’ (ಗಾಂಜಾ ಬರುವ ಭಂಗಿ ಗಿಡದಿಂದ ತೆಗೆದ ಕ್ಯಾನಬಿಡಿಯಾಲ್ ಎಂಬ ವಸ್ತುವಿರುವ ಎಣ್ಣೆ) ಒಳ್ಳೆಯದಂತೆ, ಆನ್‌ಲೈನಿನಲ್ಲಿ ಸಿಗುತ್ತದಂತೆ, ತರಿಸಿಕೊಳ್ಳಬಹುದೇ ಎಂದು ಅಂತಿಮ ವರ್ಷದ ವಿದ್ಯಾರ್ಥಿಗಳು ಕೇಳುತ್ತಿದ್ದಾರೆ, ಇದರ ಬಗ್ಗೆ ಬಂದು ಮಾತನಾಡಿ ಎಂದು ಸಂಘಟಕರು ನನ್ನನ್ನು ಕರೆದರು. ನಾನು ಔಷಧಶಾಸ್ತ್ರ ಪಾಠ ಮಾಡುವವನು. ‘ಬೇಡ’ ಎಂಬ ಒಂದೇ ಮಾತಿನಲ್ಲಿ ಮುಗಿಸಿ ಕುಳಿತುಬಿಡಬಹುದಿತ್ತು. ಆದರೆ ಕಾರಣ ಹೇಳದ ‘ಬೇಡ’ವನ್ನು ಇಪ್ಪತ್ತೊಂದರ ವಯಸ್ಸಿನವರು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅದಲ್ಲದೆ ಈ ವಸ್ತುವಿನ ಮೇಲೆ ನಡೆದಿರುವ ಸಂಶೋಧನೆ ಗಂಭೀರವಾದದ್ದು. ಅದನ್ನು ಗಾಂಜಾದ ಗುಂಪಿಗೆ ಸೇರಿಸಿ ತಳ್ಳಿಹಾಕುವುದೂ ತಪ್ಪು, ಜಾಹೀರಾತಿನವರು ಹೇಳುವಂತೆ ತಲೆಯ ಮೇಲೆ ಹೊತ್ತುಕೊಳ್ಳುವುದೂ ತಪ್ಪು.

ವಿಷಯ ಗೋಜಲಾಗಿರುವುದಕ್ಕೆ ಮುಖ್ಯ ಕಾರಣ, ಎರಡು ಬೇರೆ ಬೇರೆ ಪ್ರಶ್ನೆಗಳನ್ನು ನಾವು ಒಂದೇ ಎಂದು ತಿಳಿದಿರುವುದು. ಒಂದು, ಈ ಔಷಧ ಭಯವನ್ನು ಆ ಹೊತ್ತಿಗೆ ತಗ್ಗಿಸುತ್ತದೆಯೇ ಎಂಬುದು. ಇನ್ನೊಂದು, ಭಯಪಡದೆ ಇರುವುದನ್ನು ಕಲಿಯಲು ಇದು ನೆರವಾಗುತ್ತದೆಯೇ ಎಂಬುದು. ಸಾಮಾಜಿಕ ಆತಂಕದಿಂದ, ಅಂದರೆ ನಾಲ್ಕು ಜನರ ಎದುರು ಮುಜುಗರವಾದೀತೆಂಬ ತೀವ್ರ ಭಯದಿಂದ, ವರ್ಷಗಟ್ಟಲೆ ಬಳಲುವವರಿಗೆ ಬೇಕಾಗಿರುವುದು ಎರಡನೆಯದು; ಮಾರುಕಟ್ಟೆಯಲ್ಲಿ ಮಾರಾಟವಾಗುತ್ತಿರುವುದು ಮೊದಲನೆಯದರ ಭರವಸೆ.

ಭಯವನ್ನು ಕಲಿಯುವುದು ಎಂದರೇನು ಎಂಬಲ್ಲಿಂದ ಆರಂಭಿಸುತ್ತೇನೆ. ಪಾವಗಡ ಕಡೆಯ ಒಂದು ಹಳ್ಳಿಯಿಂದ ಬಂದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಲೆಕ್ಕದಲ್ಲಿ ಚುರುಕು, ಸೀಟು ಸಿಕ್ಕಿ ಎಂಜಿನಿಯರಿಂಗ್ ಸೇರಿದ್ದಾನೆ. ಮೊದಲ ವರ್ಷದ ಸೆಮಿನಾರಿನಲ್ಲಿ ಒಂದು ಇಂಗ್ಲಿಷ್ ಪದವನ್ನು ತಪ್ಪಾಗಿ ಉಚ್ಚರಿಸುತ್ತಾನೆ, ಹಿಂದಿನ ಬೆಂಚಿನಲ್ಲಿ ನಗು ಏಳುತ್ತದೆ, ಇವನ ಕಿವಿ ಬಿಸಿಯಾಗಿ ನಾಲಗೆ ಒಣಗುತ್ತದೆ. ಆಮೇಲೆ ಯಾರೂ ನಗದಿದ್ದರೂ ಪ್ರೊಜೆಕ್ಟರಿನ ಗುಂಯ್ ಎನ್ನುವ ಸದ್ದು, ಎದುರಿಗೆ ಸಾಲಾಗಿ ಕುಳಿತ ಮುಖಗಳು, ಕೊನೆಗೆ ತನ್ನ ಹಾಜರಿ ಸಂಖ್ಯೆ ಹತ್ತಿರ ಬರುತ್ತಿದೆ ಎಂಬ ಅರಿವು ಸಹ ಎದೆಬಡಿತವನ್ನು ಏರಿಸತೊಡಗುತ್ತವೆ. ನಗು ಎಂಬ ಪೆಟ್ಟಿಗೂ ಅದರ ಸುತ್ತಲಿದ್ದ ನಿರಪಾಯಕಾರಿ ಸಂಗತಿಗಳಿಗೂ ಮಿದುಳು ಗಂಟು ಹಾಕಿದೆ. ಪಾವ್ಲೋವ್ ನಾಯಿಗಳಲ್ಲಿ ತೋರಿಸಿದ, 1920ರಲ್ಲಿ ವಾಟ್ಸನ್ ಮತ್ತು ರೇನರ್ ಒಂದು ಮಗುವಿನ ಮೇಲೆ ಪ್ರಯೋಗಿಸಿ ನೋಡಿದ (ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪದ) ಕಲಿಕೆ ಇದೇ. ಮಿದುಳಿನ ಒಳಭಾಗದಲ್ಲಿ ಬಾದಾಮಿಯಾಕಾರದ ಅಮಿಗ್ಡಲ ಎಂಬ ಭಾಗ ಈ ಗಂಟಿನ ಕೇಂದ್ರ. ಎಲ್ಲಿ, ಯಾವ ಸನ್ನಿವೇಶದಲ್ಲಿ ಅದು ನಡೆಯಿತು ಎಂಬುದನ್ನು ಹಿಪೊಕ್ಯಾಂಪಸ್ ಎಂಬ ಇನ್ನೊಂದು ಭಾಗ ನೆನಪಿಟ್ಟುಕೊಳ್ಳುತ್ತದೆ.

ಸಾಮಾಜಿಕ ಆತಂಕವೆಲ್ಲವೂ ಹೀಗೆ ಒಂದು ಘಟನೆಯಿಂದ ಹುಟ್ಟುತ್ತದೆ ಎಂದು ನಾನು ಹೇಳುತ್ತಿಲ್ಲ. ಹುಟ್ಟುಗುಣ, ಮನೆಯ ವಾತಾವರಣ, ತನ್ನ ಬಗ್ಗೆ ತಾನೇ ಮಾಡಿಕೊಳ್ಳುವ ಕಟು ವಿಮರ್ಶೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಆದರೆ ಅದು ಉಳಿದುಕೊಳ್ಳುವ ಬಗೆ ಮಾತ್ರ ಬಹುಮಟ್ಟಿಗೆ ಒಂದೇ: ತಪ್ಪಿಸಿಕೊಳ್ಳುವುದು. ನಮ್ಮ ಹುಡುಗ ಮುಂದಿನ ಸೆಮಿನಾರಿನ ದಿನ ಜ್ವರವೆಂದು ರಜೆ ಹಾಕುತ್ತಾನೆ, ಗುಂಪು ಚರ್ಚೆಯಲ್ಲಿ ಮೂಲೆಯ ಕುರ್ಚಿ ಹಿಡಿಯುತ್ತಾನೆ, ಕ್ಯಾಂಪಸ್ ಸಂದರ್ಶನಕ್ಕೆ ಹೆಸರನ್ನೇ ಕೊಡುವುದಿಲ್ಲ. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಸಿಗುವ ನೆಮ್ಮದಿ, ತಪ್ಪಿಸಿಕೊಂಡಿದ್ದೇ ಸರಿ ಎಂದು ಮಿದುಳಿಗೆ ಕಲಿಸುತ್ತದೆ. ನಿಂತು ಮಾತನಾಡಿದರೆ ಏನೂ ಆಗುವುದಿಲ್ಲ ಎಂಬ ಪಾಠಕ್ಕೆ ಅವಕಾಶವೇ ಸಿಗುವುದಿಲ್ಲ.

ಆ ಪಾಠಕ್ಕೆ ಅವಕಾಶ ಮಾಡಿಕೊಡುವುದೇ ಚಿಕಿತ್ಸೆ. ಭಯದ ಸನ್ನಿವೇಶವನ್ನು ಮತ್ತೆ ಮತ್ತೆ, ಹಂತ ಹಂತವಾಗಿ ಎದುರಿಸಿ, ನಿರೀಕ್ಷಿಸಿದ ಕೆಡುಕು ಸಂಭವಿಸದೆ ಹೋದಾಗ ಭಯ ತಗ್ಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ, ಇಡೀ ಚರ್ಚೆ ನಿಂತಿರುವುದು ಇದರ ಮೇಲೆ. ಹೀಗೆ ತಗ್ಗಿದ ಭಯ ಅಳಿಸಿಹೋಗಿರುವುದಿಲ್ಲ. ಪಹಣಿಯಲ್ಲಿ ಮ್ಯುಟೇಷನ್ ಆದಾಗ ಹೊಸ ಹೆಸರು ಕೂರುತ್ತದೆಯೇ ಹೊರತು ಹಳೆಯ ದಾಖಲೆ ಕಚೇರಿಯಿಂದ ಮಾಯವಾಗುವುದಿಲ್ಲ. ತಕರಾರು ಎದ್ದ ದಿನ ಅದನ್ನೇ ಹೊರತೆಗೆಯುತ್ತಾರೆ. ಮನಶ್ಶಾಸ್ತ್ರಜ್ಞ ಮಾರ್ಕ್ ಬೌಟನ್ ಅವರ ದೀರ್ಘಕಾಲದ ಪ್ರಯೋಗಗಳು ತೋರಿಸಿಕೊಟ್ಟದ್ದು ಇದನ್ನೇ. ಕಾಲ ಕಳೆದರೆ, ಸ್ಥಳ ಬದಲಾದರೆ, ಇಲ್ಲವೇ ಹೊಸದೊಂದು ಪೆಟ್ಟು ಬಿದ್ದರೆ ಹಳೆಯ ಭಯ ಮರುಕಳಿಸುತ್ತದೆ. ತುಮಕೂರಿನ ತರಗತಿಯಲ್ಲಿ ಧೈರ್ಯ ಗಳಿಸಿದವನು ಬೆಂಗಳೂರಿನ ಕಂಪನಿಯ ಗಾಜಿನ ಕೋಣೆಯಲ್ಲಿ ಮತ್ತೆ ಬೆವರುವುದು ಹೀಗೆ. ಆದ್ದರಿಂದ ‘ಭಯವಿಲ್ಲ’ ಎಂಬ ಹೊಸ ಕಲಿಕೆಯನ್ನು ಗಟ್ಟಿಗೊಳಿಸುವ ಔಷಧವೊಂದು ಸಿಕ್ಕರೆ ಅದು ದೊಡ್ಡ ಸಂಗತಿ. ಕ್ಯಾನಬಿಡಿಯಾಲಿನ ಮೇಲೆ ವಿಜ್ಞಾನಿಗಳ ಕಣ್ಣು ಬಿದ್ದಿರುವುದಕ್ಕೆ ಒಂದು ಕಾರಣ ಈ ಆಸೆ.

ಭಂಗಿ ಗಿಡದಲ್ಲಿ ಕ್ಯಾನಬಿನಾಯ್ಡ್ ಎಂಬ ಗುಂಪಿಗೆ ಸೇರಿದ ನೂರಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅಮಲೇರಿಸುವುದು ಟಿಎಚ್‌ಸಿ. ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ, ಅಮಲು ತರುವುದಿಲ್ಲ. 1940ರಲ್ಲಿ ಅಮೆರಿಕದ ರೋಜರ್ ಆಡಮ್ಸ್ ಅದನ್ನು ಬೇರ್ಪಡಿಸಿದರು. 1963ರಲ್ಲಿ ಇಸ್ರೇಲಿನ ರಫಾಯೆಲ್ ಮೆಷೂಲಮ್ ಮತ್ತು ಸಂಗಡಿಗರು ಅದರ ರಚನೆಯನ್ನು ಬಿಡಿಸಿದರು. ಟಿಎಚ್‌ಸಿ ಮಿದುಳಿನ ಸಿಬಿ1 ಗ್ರಾಹಕಗಳಿಗೆ (ಗ್ರಾಹಕವೆಂದರೆ ಜೀವಕೋಶದಲ್ಲಿ ರಾಸಾಯನಿಕ ಬಂದು ಕೂರುವ ತಾಣ) ನೇರವಾಗಿ ಅಂಟಿಕೊಂಡರೆ, ಸಿಬಿಡಿ ಅವುಗಳಿಗೆ ಅಷ್ಟಾಗಿ ಅಂಟಿಕೊಳ್ಳುವುದಿಲ್ಲ. ಅದರ ಕೆಲಸ ಹಲವು ಅಡ್ಡದಾರಿಗಳಲ್ಲಿ ನಡೆಯುತ್ತದೆ. ಮಿದುಳಿನಲ್ಲಿ ಸಂದೇಶ ಸಾಗಿಸುವ ಸೆರೊಟೊನಿನ್ ಎಂಬ ರಾಸಾಯನಿಕದ 5-ಎಚ್‌ಟಿ1ಎ ಗ್ರಾಹಕ ಒಂದು ದಾರಿ. ಆತಂಕ ತಗ್ಗಿಸುವ ಗುಣಕ್ಕೆ ಇದೇ ಮುಖ್ಯವೆಂದು ಪ್ರಾಣಿ ಪ್ರಯೋಗಗಳು ಸೂಚಿಸುತ್ತವೆ. ನಮ್ಮ ಮಿದುಳೇ ತಯಾರಿಸುವ, ಸಿಬಿ1 ಗ್ರಾಹಕಗಳಿಗೆ ಅಂಟಿಕೊಳ್ಳುವ ಆನಂದಮೈಡ್ ಎಂಬ ರಾಸಾಯನಿಕ ಬೇಗ ಕರಗಿಹೋಗದಂತೆ ತಡೆಯುವುದು ಇನ್ನೊಂದು. 2002ರಲ್ಲಿ ಪ್ರಕಟವಾದ ಒಂದು ಮುಖ್ಯ ಅಧ್ಯಯನದಲ್ಲಿ, ಸಿಬಿ1 ಗ್ರಾಹಕಗಳಿಲ್ಲದಂತೆ ಬೆಳೆಸಿದ ಇಲಿಗಳು ಭಯವನ್ನು ಕಲಿತವು, ಆದರೆ ಆ ಭಯ ತಗ್ಗುವ ಕಲಿಕೆಯಲ್ಲಿ ಹಿಂದೆ ಬಿದ್ದವು. ಭಯ ಇಳಿಯಬೇಕಾದರೆ ಮಿದುಳಿನೊಳಗಿನ ಈ ವ್ಯವಸ್ಥೆ ಬೇಕು ಎಂಬುದು ಅಲ್ಲಿಂದ ಸ್ಪಷ್ಟವಾಯಿತು.

ಪ್ರಾಣಿಗಳಲ್ಲಿ ಸಿಬಿಡಿಯ ದಾಖಲೆ ಚೆನ್ನಾಗಿಯೇ ಇದೆ. ಬ್ರೆಜಿಲಿನ ಪ್ರಯೋಗಾಲಯಗಳಲ್ಲಿ 2008ರಲ್ಲಿ ಅದು ಇಲಿಗಳ ಭಯ ತಗ್ಗುವ ಕಲಿಕೆಯನ್ನು ಚುರುಕುಗೊಳಿಸಿತು. 2012ರಲ್ಲಿ, ನೆನಪಿಗೆ ಬಂದ ಭಯ ಮತ್ತೆ ಮಿದುಳಿನಲ್ಲಿ ನೆಲೆಗೊಳ್ಳುವ ಹಂತದಲ್ಲಿ ಕೊಟ್ಟಾಗ ಅದನ್ನು ದುರ್ಬಲಗೊಳಿಸಿತು. ಆದರೆ 2016ರಲ್ಲಿ ಬಂದ ಒಂದು ವರದಿಯನ್ನು ಮಾರಾಟಗಾರರು ಯಾರೂ ಉಲ್ಲೇಖಿಸುವುದಿಲ್ಲ. ಅದರಲ್ಲಿ ಭಯವನ್ನು ಬಲವಾಗಿ ಕಲಿಸಿದ ಇಲಿಗಳಿಗೆ ಸಿಬಿಡಿ ನೆರವಾಯಿತು, ಅಲ್ಪವಾಗಿ ಕಲಿಸಿದ ಇಲಿಗಳಲ್ಲಿ ಅದೇ ಕಲಿಕೆಗೆ ಅಡ್ಡಿಯಾಯಿತು. ಭಯ ಎಷ್ಟು ಆಳವಾಗಿದೆ ಎಂಬುದರ ಮೇಲೆ ಔಷಧದ ಪರಿಣಾಮ ತಿರುಗಿಬೀಳಬಹುದಾದರೆ, ಸಾಧಾರಣ ಅಳುಕಿಗೆ ಇದನ್ನು ಎಲ್ಲರೂ ತೆಗೆದುಕೊಳ್ಳಿ ಎಂಬ ಸಲಹೆ ನನಗೆ ಅವಿವೇಕವಾಗಿ ಕಾಣುತ್ತದೆ.

ಇನ್ನು ಮನುಷ್ಯರ ಮೇಲಿನ ಪ್ರಯೋಗಗಳು. ಇವುಗಳಲ್ಲಿ ಹೆಚ್ಚಿನವು ಬ್ರೆಜಿಲಿನ ಸಾವೊ ಪಾಲೊ ವಿಶ್ವವಿದ್ಯಾಲಯದ ರಿಬೆರಾವೊ ಪ್ರೆಟೊ ಕೇಂದ್ರದವು. ಅಲ್ಲಿನ ಆಂಟೋನಿಯೊ ಸುವಾರ್ಡಿ ಅವರ ತಂಡ, ಟಿಎಚ್‌ಸಿ ಹುಟ್ಟಿಸುವ ಆತಂಕವನ್ನು ಸಿಬಿಡಿ ತಡೆಯುತ್ತದೆ ಎಂದು 1982ರಲ್ಲೇ ವರದಿ ಮಾಡಿತ್ತು. ನಮ್ಮ ವಿಷಯಕ್ಕೆ ತೀರ ಹತ್ತಿರವಾದದ್ದು 2011ರಲ್ಲಿ ಪ್ರಕಟವಾದ ಬರ್ಗಮಾಸ್ಕಿ ಮತ್ತು ಸಂಗಡಿಗರ ಪ್ರಯೋಗ. ಅದುವರೆಗೆ ಯಾವ ಚಿಕಿತ್ಸೆಯನ್ನೂ ಪಡೆಯದಿದ್ದ, ಸಾಮಾಜಿಕ ಆತಂಕವಿದ್ದ 24 ಮಂದಿಯಲ್ಲಿ 12 ಜನರಿಗೆ 600 ಮಿಲಿಗ್ರಾಂ ಸಿಬಿಡಿ, ಉಳಿದ 12 ಜನರಿಗೆ ಔಷಧವಿಲ್ಲದ ತೋರಿಕೆಯ ಗುಳಿಗೆ. ಹೋಲಿಕೆಗೆ ಆರೋಗ್ಯವಂತರಾದ 12 ಮಂದಿ.

ಗುಳಿಗೆ ನುಂಗಿದ ಒಂದೂವರೆ ಗಂಟೆಯ ನಂತರ ಏನು ಮಾಡಿಸಿದರು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸಭಾಕಂಪವಿರುವವರಿಗೆ ಕೇಳುವಾಗಲೇ ಹೊಟ್ಟೆ ತೊಳಸುತ್ತದೆ. ‘ನಿಮ್ಮ ಊರಿನ ಸಾರ್ವಜನಿಕ ಸಾರಿಗೆ ವ್ಯವಸ್ಥೆಯ ಬಗ್ಗೆ ನಾಲ್ಕು ನಿಮಿಷ ಭಾಷಣ ಮಾಡಬೇಕು, ತಯಾರಿಗೆ ಎರಡು ನಿಮಿಷ ಕೊಡುತ್ತೇವೆ, ವಿಡಿಯೊ ಚಿತ್ರೀಕರಣವಾಗುತ್ತದೆ, ಆಮೇಲೆ ಮನಶ್ಶಾಸ್ತ್ರಜ್ಞರು ಅದನ್ನು ಪರಿಶೀಲಿಸುತ್ತಾರೆ’ ಎಂದು ಅವರಿಗೆ ತಿಳಿಸಲಾಯಿತು. ಕ್ಯಾಮೆರಾದ ಮುಂದೆ ನಿಂತವರಿಗೆ ಟಿವಿ ಪರದೆಯ ಮೇಲೆ ತಮ್ಮದೇ ಮುಖ ಕಾಣುತ್ತಿತ್ತು. ಮಾತು ಅರ್ಧಕ್ಕೆ ಬಂದಾಗ ತಡೆದು ಆತಂಕವನ್ನು ಅಳೆದು, ಮತ್ತೆ ಮುಂದುವರಿಸಲು ಹೇಳಿದರು. (ನಮ್ಮ ಬಸ್ ನಿಲ್ದಾಣದ ಬಗ್ಗೆಯಾದರೆ ತುಮಕೂರಿನವರಿಗೆ ನಾಲ್ಕು ನಿಮಿಷ ಸಾಲದೇನೋ, ಆದರೆ ಅದು ಬೇರೆ ಮಾತು.) ಫಲಿತಾಂಶ ಗಮನಾರ್ಹವಾಗಿತ್ತು. ತೋರಿಕೆಯ ಗುಳಿಗೆ ಪಡೆದವರಿಗೆ ಹೋಲಿಸಿದರೆ ಸಿಬಿಡಿ ಪಡೆದವರಲ್ಲಿ ಭಾಷಣದ ಹೊತ್ತಿನ ಆತಂಕ, ಮುಜುಗರ, ಮಾತು ತಡವರಿಸುವ ಗೊಂದಲ ಕಡಿಮೆಯಾಗಿತ್ತು. ನನ್ನ ಕಣ್ಣಿಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು, ‘ನಾನು ಹಾಳುಮಾಡುತ್ತಿದ್ದೇನೆ’ ಎಂಬಂಥ ಸ್ವಯಂ ನಿಂದನೆಯ ಅಳತೆ. ಅದರಲ್ಲಿ ಸಿಬಿಡಿ ಪಡೆದ ರೋಗಿಗಳಿಗೂ ಆರೋಗ್ಯವಂತರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ.

ಇದಕ್ಕೆ ಹೊಂದುವ ಬೇರೆ ಸಾಕ್ಷ್ಯಗಳೂ ಇವೆ. 2009ರ ಒಂದು ಅಧ್ಯಯನದಲ್ಲಿ ಹೆದರಿದ ಮುಖಗಳ ಚಿತ್ರಗಳನ್ನು ನೋಡುವಾಗ ಅಮಿಗ್ಡಲದ ಚಟುವಟಿಕೆ ಸಿಬಿಡಿಯಿಂದ ತಗ್ಗಿತು. ಜಪಾನಿನಲ್ಲಿ ಸಾಮಾಜಿಕ ಆತಂಕವಿದ್ದ 18–19ರ ವಯಸ್ಸಿನ 37 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಲ್ಕು ವಾರ ದಿನಕ್ಕೆ 300 ಮಿಲಿಗ್ರಾಂ ಪಡೆದವರ ಲಕ್ಷಣಗಳು ಕಡಿಮೆಯಾದವು. ಇವೆಲ್ಲ ಸಣ್ಣ ಅಧ್ಯಯನಗಳು. ಹನ್ನೆರಡು, ಹದಿನೈದು ಜನರ ಗುಂಪಿನಲ್ಲಿ ಕಂಡದ್ದು ನೂರಾರು ಜನರಲ್ಲಿ ಹಾಗೆಯೇ ಉಳಿಯುತ್ತದೆಂದು ಔಷಧಶಾಸ್ತ್ರ ಓದಿದ ಯಾರೂ ಭರವಸೆ ಕೊಡಲಾರರು.

ಪ್ರಮಾಣದ ಮಾತು ಇನ್ನೂ ವಿಚಿತ್ರ. ಹೆಚ್ಚು ಕೊಟ್ಟಷ್ಟೂ ಹೆಚ್ಚು ಫಲ ಎಂಬುದು ಸಿಬಿಡಿಗೆ ಅನ್ವಯಿಸುವುದಿಲ್ಲ. ಆರೋಗ್ಯವಂತರನ್ನು ನಿಜವಾದ ಸಭಿಕರ ಮುಂದೆ ಮಾತನಾಡಿಸಿದ 2017ರ ಪ್ರಯೋಗದಲ್ಲಿ 100, 300 ಮತ್ತು 900 ಮಿಲಿಗ್ರಾಂ ಕೊಟ್ಟು ನೋಡಿದರು. ಆತಂಕ ತಗ್ಗಿದ್ದು 300ರಲ್ಲಿ ಮಾತ್ರ. 2019ರಲ್ಲಿ 150, 300, 600 ಎಂದು ಮತ್ತೆ ನೋಡಿದಾಗಲೂ 300ರದ್ದೇ ಮೇಲುಗೈ. 2011ರ ರೋಗಿಗಳಲ್ಲಿ 600 ಫಲ ಕೊಟ್ಟಿತ್ತು ನಿಜ, ಆದರೆ ಆರೋಗ್ಯವಂತರಲ್ಲಿ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ, ನಡುವಿನ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಅದರ ಗುಣ ಕಾಣುತ್ತದೆ. ಈ 300 ಎಂಬ ಅಂಕಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಸೀಸೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇದುವರೆಗೆ ಹೇಳಿದ್ದೆಲ್ಲ ಮುಖ್ಯವಾಗಿ ಮೊದಲ ಪ್ರಶ್ನೆಗೆ ಉತ್ತರ. ಕಲಿಕೆಯ ಪ್ರಶ್ನೆಗೆ ಬಂದರೆ ದಾಖಲೆ ತೆಳುವಾಗುತ್ತದೆ. 2013ರಲ್ಲಿ ಲಂಡನ್ನಿನ ಸಂಶೋಧಕರು 48 ಮಂದಿ ಆರೋಗ್ಯವಂತರಿಗೆ ಪರದೆಯ ಮೇಲಿನ ಬಣ್ಣದ ಚೌಕವೊಂದನ್ನು ಸಣ್ಣ ವಿದ್ಯುತ್ ಆಘಾತದ ಜೊತೆಗೆ ತೋರಿಸಿ ಭಯ ಕಲಿಸಿದರು, ಅನಂತರ ಆಘಾತವಿಲ್ಲದೆ ತೋರಿಸಿ ಆ ಭಯವನ್ನು ತಗ್ಗಿಸಿದರು. 32 ಮಿಲಿಗ್ರಾಂ ಸಿಬಿಡಿಯನ್ನು ಆವಿಯಾಗಿ ಕೆಲವರಿಗೆ ಈ ಎರಡನೆಯ ಕಲಿಕೆಗೆ ಮುಂಚೆ, ಕೆಲವರಿಗೆ ಅದು ಮುಗಿದ ಮೇಲೆ ಕೊಟ್ಟರು. ಮುಗಿದ ಮೇಲೆ ಪಡೆದವರಲ್ಲಿ, 48 ಗಂಟೆಗಳ ನಂತರ ಪರೀಕ್ಷಿಸಿದಾಗ ‘ಈಗ ಆಘಾತವಾಗುತ್ತದೆ’ ಎಂಬ ನಿರೀಕ್ಷೆ ಕಡಿಮೆಯಿತ್ತು. ಹೊಸ ಕಲಿಕೆ ನೆಲೆಯೂರಲು ಸಿಬಿಡಿ ನೆರವಾಗಿದೆ ಎಂದು ಇದರ ಅರ್ಥ. ಇಷ್ಟರಿಂದ ಆಸೆ ಚಿಗುರಿತು.

ಆ ಆಸೆಯನ್ನು ರೋಗಿಗಳಲ್ಲಿ ನೇರವಾಗಿ ಪರೀಕ್ಷಿಸಿದ್ದು ನೆದರ್ಲೆಂಡ್ಸಿನ ತಂಡ. ಸಾಮಾಜಿಕ ಆತಂಕ ಅಥವಾ ಜನಜಂಗುಳಿಯ ಭಯದೊಂದಿಗೆ ಪ್ಯಾನಿಕ್ (ಹಠಾತ್ತನೆ ಎರಗುವ ತೀವ್ರ ಭೀತಿಯ) ತೊಂದರೆಯಿದ್ದ 80 ಮಂದಿಗೆ, ಭಯವನ್ನು ಎದುರಿಸುವ ಎಂಟು ವಾರದ ಚಿಕಿತ್ಸೆಯ ಜೊತೆಗೆ, ಪ್ರತಿ ಭೇಟಿಗೆ ಮುಂಚೆ 300 ಮಿಲಿಗ್ರಾಂ ಸಿಬಿಡಿ ಅಥವಾ ತೋರಿಕೆಯ ಗುಳಿಗೆ ಕೊಟ್ಟರು. 2022ರಲ್ಲಿ ಬಂದ ಫಲಿತಾಂಶ ಸರಳ: ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಸಿಬಿಡಿ ಪಡೆದವರು ಬೇಗನೆ ಗುಣವಾಗಲೂ ಇಲ್ಲ, ಹೆಚ್ಚು ಗುಣವಾಗಲೂ ಇಲ್ಲ. ನನ್ನ ತೂಕದಲ್ಲಿ, ಪ್ರಯೋಗಾಲಯದ ಹತ್ತು ಭಾಷಣಗಳಿಗಿಂತ ಈ ಒಂದು ಪ್ರಯೋಗಕ್ಕೆ ಹೆಚ್ಚು ಬೆಲೆ.

ಔಷಧಶಾಸ್ತ್ರದವರಿಗೆ ಇದು ಹಿಂದೆಯೂ ಕಂಡ ದಾರಿ. ಕ್ಷಯರೋಗಕ್ಕೆ ಬಳಸುವ ಸೈಕ್ಲೊಸೆರಿನ್ ಎಂಬ ಔಷಧವನ್ನು 2004ರಲ್ಲಿ ಎತ್ತರದ ಭಯದ ಚಿಕಿತ್ಸೆಗೂ 2006ರಲ್ಲಿ ಸಾಮಾಜಿಕ ಆತಂಕದ ಚಿಕಿತ್ಸೆಗೂ ಜೊತೆಯಾಗಿ ಕೊಟ್ಟಾಗ ಸಣ್ಣ ಪ್ರಯೋಗಗಳು ಬೆರಗುಗೊಳಿಸುವ ಫಲ ತೋರಿಸಿದ್ದವು. ದೊಡ್ಡ ಪ್ರಯೋಗಗಳು ಬಂದಂತೆ ಆ ಫಲ ಕುಗ್ಗುತ್ತ ಹೋಯಿತು. ಆಮೇಲೆ ಕಂಡುಬಂದದ್ದೇನೆಂದರೆ, ಆ ದಿನದ ಅಭ್ಯಾಸ ಭಯ ಇಳಿದು ಮುಗಿದಿದ್ದರೆ ಔಷಧ ಆ ಧೈರ್ಯವನ್ನು ಗಟ್ಟಿ ಮಾಡುತ್ತಿತ್ತು. ಭಯ ಏರಿದ ಸ್ಥಿತಿಯಲ್ಲೇ ಮುಗಿದಿದ್ದರೆ ಭಯವನ್ನೇ ಗಟ್ಟಿ ಮಾಡುವಂತಿತ್ತು. ಕಲಿಕೆಯನ್ನು ಬಲಪಡಿಸುವ ಔಷಧಕ್ಕೆ ಯಾವ ಕಲಿಕೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ವಿವೇಚನೆ ಇರುವುದಿಲ್ಲ.

ಈಗ ಸೀಸೆಗೆ ಬರೋಣ. 30 ಮಿಲಿಲೀಟರಿನ ಸೀಸೆ, ಮೇಲೆ 1000 ಮಿಲಿಗ್ರಾಂ ಎಂದು ಮುದ್ರಿಸಿದೆ ಎಂದಿಟ್ಟುಕೊಳ್ಳಿ. ಒಂದು ಮಿಲಿಲೀಟರಿಗೆ ಸುಮಾರು 33 ಮಿಲಿಗ್ರಾಂ ಆಯಿತು. ಮಿಲಿಲೀಟರಿಗೆ 20 ಹನಿಯಂತೆ ಲೆಕ್ಕ ಹಾಕಿದರೆ ಹನಿಯೊಂದಕ್ಕೆ ಹೆಚ್ಚೆಂದರೆ 1.7 ಮಿಲಿಗ್ರಾಂ. ನಾಲಗೆಯಡಿ ಐದು ಹನಿ ಹಾಕಿಕೊಂಡವನಿಗೆ ಸಿಗುವುದು ಎಂಟು ಮಿಲಿಗ್ರಾಂ ಚಿಲ್ಲರೆ. ಪ್ರಯೋಗದಲ್ಲಿ ಫಲ ಕೊಟ್ಟ 300 ಮಿಲಿಗ್ರಾಂ ಬೇಕಾದರೆ ಒಂದೇ ಸಲಕ್ಕೆ 9 ಮಿಲಿಲೀಟರ್, ಅಂದರೆ 180 ಹನಿ ಕುಡಿಯಬೇಕು. ಮೂರು ಸಂದರ್ಶನಕ್ಕೆ ಸೀಸೆ ಖಾಲಿ. ನುಂಗಿದ್ದರಲ್ಲಿಯೂ ಬಹುಪಾಲು ಯಕೃತ್ತಿನಲ್ಲೇ ಕಳೆದುಹೋಗಿ ರಕ್ತಕ್ಕೆ ಸೇರುವುದು ಅಲ್ಪ ಭಾಗ. ಎಣ್ಣೆ ಜಿಡ್ಡಿನ ಊಟದ ಜೊತೆಗಾದರೆ ಅದೇ ಹಲವು ಪಟ್ಟು ಏರುತ್ತದೆ. ಮುದ್ರಿಸಿದ ಅಂಕಿಯನ್ನೂ ನಂಬುವಂತಿಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆನ್‌ಲೈನಿನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಲೇಬಲ್ಲಿಗೆ ಸರಿಹೊಂದಿದ್ದು 26 ಮಾತ್ರ. 18ರಲ್ಲಿ ಟಿಎಚ್‌ಸಿ ಇತ್ತು. ಆತಂಕವಿರುವವನಿಗೆ ಅರಿವಿಲ್ಲದೆ ಟಿಎಚ್‌ಸಿ ಕೊಟ್ಟರೆ ಆತಂಕ ಏರಬಹುದು ಎಂಬುದನ್ನು 1982ರ ಪ್ರಯೋಗವೇ ಹೇಳಿತ್ತಲ್ಲವೇ?

ನಮ್ಮ ಕಾನೂನಿನ ಸ್ಥಿತಿಯನ್ನು ಚುಟುಕಾಗಿ ಹೇಳುತ್ತೇನೆ. 1985ರ ಮಾದಕವಸ್ತು ನಿಯಂತ್ರಣ ಕಾಯ್ದೆ (ಎನ್‌ಡಿಪಿಎಸ್) ಚರಸ್ ಮತ್ತು ಗಾಂಜಾವನ್ನು ನಿಯಂತ್ರಿಸುತ್ತದೆ. ಹೂವಿನ ತುದಿಯಿಲ್ಲದ ಬರಿಯ ಎಲೆ ಮತ್ತು ಬೀಜ ಗಾಂಜಾದ ವ್ಯಾಖ್ಯೆಯಿಂದ ಹೊರಗಿವೆ. ಆ ಕಂಡಿಯಲ್ಲಿ, ಎಲೆಯಿಂದ ತೆಗೆದದ್ದೆಂದು ಹೇಳಿ, ಆಯುರ್ವೇದ ಪರವಾನಗಿಯಡಿ ಈ ಎಣ್ಣೆಗಳು ಮಾರಾಟವಾಗುತ್ತವೆ. ಭಂಗಿಯ ಹೆಸರು ಔಷಧಿ ನಿಯಮಗಳ ಇ(1) ಅನುಸೂಚಿಯಲ್ಲಿದೆ. ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ತೆಗೆದುಕೊಳ್ಳಬೇಕು ಎಂದರ್ಥ. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿಗೆ ಕೊಟ್ಟದ್ದು ಬೀಜಕ್ಕೆ ಮತ್ತು ಬೀಜದ ಎಣ್ಣೆಗೆ. ಬೀಜದಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಎರಡನ್ನೂ ಒಂದೇ ಎಂದು ಭಾವಿಸಿ ಹಣ ಕಳೆದುಕೊಳ್ಳುವವರೂ ಇದ್ದಾರೆ.

ಹಾಗಾದರೆ ಸಿಬಿಡಿ ಔಷಧವೇ ಅಲ್ಲವೇ? ಖಂಡಿತ ಔಷಧ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಕ್ಕಳಲ್ಲಿ ಬರುವ ಎರಡು ತೀವ್ರ ಬಗೆಯ ಮೂರ್ಛೆರೋಗಗಳಿಗೆ ಶುದ್ಧ ಸಿಬಿಡಿಯನ್ನು ಒಪ್ಪಿತು. ಔಷಧವಾದ್ದರಿಂದಲೇ ಅದಕ್ಕೆ ಅಡ್ಡಪರಿಣಾಮಗಳೂ ಇವೆ: ತೂಕಡಿಕೆ, ಭೇದಿ, ಹಸಿವು ಇಂಗುವುದು, ಹೆಚ್ಚಿನ ಪ್ರಮಾಣದಲ್ಲಿ ಯಕೃತ್ತಿನ ಕಿಣ್ವಗಳ ಏರಿಕೆ. ಮೂರ್ಛೆಗೆ ಕೊಡುವ ವಾಲ್‌ಪ್ರೊಯೇಟ್ ಮತ್ತು ಕ್ಲೊಬಜಾಮ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇವುಗಳ ಜೊತೆಗೆ ಅದು ತೊಡಕು ತರಬಹುದು.

ಸಭಿಕರ ಪ್ರಶ್ನೆಗಳ ಪೈಕಿ ಒಂದು ತಿಪಟೂರಿನಿಂದ ಬಂದಿದ್ದ ತಾಯಿಯೊಬ್ಬರದು: ‘ಸರ್, ನನ್ನ ಮಗಳು ಬಾಯಿ ಬಿಟ್ಟು ಮಾತಾಡೋದೇ ಇಲ್ಲ. ಎಣ್ಣೆ ಬೇಡ ಅಂತೀರಿ, ಸರಿ. ಮತ್ತೆ ಏನು ಮಾಡಲಿ?’ ನಾನು ಹೇಳಿದ ಉತ್ತರ ಇದು. ಅಮ್ಮಾ, ಮೊದಲು ನಾಚಿಕೆಯ ಸ್ವಭಾವವೋ ಕಾಯಿಲೆಯೋ ಎಂಬುದನ್ನು ತಿಳಿದುಕೊಳ್ಳಬೇಕು. ಓದು, ಕೆಲಸ, ಗೆಳೆತನ ಕೆಡುವಷ್ಟು ಇದ್ದರೆ ಮನೋವೈದ್ಯರನ್ನು ಕಾಣಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ, ಹೋಗಲು ಹಿಂಜರಿಕೆಯಿದ್ದರೆ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತನಾಡುತ್ತಾರೆ. ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ, ಅಗತ್ಯವಿದ್ದರೆ ಸರ್ಟ್ರಲಿನ್, ಎಸಿಟಾಲೊಪ್ರಾಮ್‌ನಂಥ ಮಾತ್ರೆಗಳು, ಇವುಗಳಿಗೆ ಸಿಬಿಡಿಗಿಂತ ಎಷ್ಟೋ ಪಾಲು ಗಟ್ಟಿಯಾದ ಪುರಾವೆ ಇದೆ. ಮನೆಯಲ್ಲಿ ನೀವು ಮಾಡಬಹುದಾದದ್ದು, ಅವಳ ಪರವಾಗಿ ನೀವೇ ಮಾತನಾಡಿಬಿಡುವುದನ್ನು ಮೆಲ್ಲಗೆ ಕಡಿಮೆ ಮಾಡುವುದು. ಅಂಗಡಿಯಲ್ಲಿ ಅವಳೇ ಬೆಲೆ ಕೇಳಲಿ, ಬಸ್ಸಿನಲ್ಲಿ ಅವಳೇ ಟಿಕೆಟ್ ತೆಗೆದುಕೊಳ್ಳಲಿ.

ಇನ್ನೊಂದು ಪ್ರಶ್ನೆ ಔಷಧ ವಿಜ್ಞಾನದ ವಿದ್ಯಾರ್ಥಿಯೊಬ್ಬನದು: ಲಂಡನ್ನಿನಲ್ಲಿ ಕಲಿಕೆಯ ನಂತರ ಕೊಟ್ಟಾಗ ಫಲ ಕಂಡಿತು, ನೆದರ್ಲೆಂಡ್ಸಿನಲ್ಲಿ ಮುಂಚೆ ಕೊಟ್ಟಾಗ ಕಾಣಲಿಲ್ಲ, ಹಾಗಾದರೆ ಸೋತದ್ದು ಔಷಧವೋ, ಕೊಟ್ಟ ಹೊತ್ತೋ? ಅಂದಿನ ಪ್ರಶ್ನೆಗಳಲ್ಲೆಲ್ಲ ತೀಕ್ಷ್ಣವಾದದ್ದು ಇದೇ. ಮುಂಚೆ ಕೊಟ್ಟ ಔಷಧ ಆತಂಕವನ್ನು ತಗ್ಗಿಸಿದರೆ, ‘ಭಯವಿದ್ದರೂ ನಿಂತು ಮಾತನಾಡಿದೆ, ಏನೂ ಆಗಲಿಲ್ಲ’ ಎಂಬ ಪಾಠವೇ ಮಸುಕಾಗಬಹುದು. ಆತಂಕವನ್ನು ಆ ಹೊತ್ತಿಗೆ ಇಳಿಸುವ ಡಯಾಜೆಪಾಮ್ ಬಗೆಯ ಮಾತ್ರೆಗಳ ಬಗ್ಗೆ ವೈದ್ಯರಿಗಿರುವ ಹಳೆಯ ಆಕ್ಷೇಪವೂ ಇದೇ. ಆದ್ದರಿಂದ ಭೇಟಿ ಮುಗಿದ ಮೇಲೆ, ಅದೂ ಭಯ ಇಳಿದು ಮುಗಿದ ದಿನ ಮಾತ್ರ, ಸಿಬಿಡಿ ಕೊಟ್ಟು ನೋಡುವುದು ತರ್ಕಬದ್ಧವಾದ ಮುಂದಿನ ಹೆಜ್ಜೆಯಂತೆ ತೋರುತ್ತದೆ. ಆದರೆ ಸೈಕ್ಲೊಸೆರಿನ್ನಿನಲ್ಲಿ ಇದೇ ತರ್ಕವನ್ನು ಹಿಡಿದು, ಅಭ್ಯಾಸ ಚೆನ್ನಾಗಿ ನಡೆದವರಿಗೆ ಮಾತ್ರ ಔಷಧ ಕೊಟ್ಟ 2020ರ ಪ್ರಯೋಗದಲ್ಲಿ ನಿರೀಕ್ಷಿಸಿದ ಹೆಚ್ಚುವರಿ ಲಾಭ ಕಾಣಲಿಲ್ಲ. ಹಾಗಾಗಿ ಸಿಬಿಡಿಯ ವಿಷಯದಲ್ಲಿ ಇದನ್ನು ತರ್ಕದಿಂದ ತೀರ್ಮಾನಿಸಲು ಬರುವುದಿಲ್ಲ, ರೋಗಿಗಳಲ್ಲಿ ಮಾಡಿಯೇ ನೋಡಬೇಕು ಎಂದು ಆ ವಿದ್ಯಾರ್ಥಿಗೆ ಹೇಳಿದೆ.